ಹಾಜಿರಾಬಿ ಹೆಸರಿನ ಚೀಟಿ

"ಡಾಕ್ಟರ ನನ್ನ ಮಾರಿ ನೋಡಲಿಲ್ಲ ಅಫ್ರೀನ. ಕಂಪ್ಯೂಟರ ಮಾರಿ ನೋಡಿಕೋಂತ ಕುಂತಿದ್ದ. ಕಾರ್ಡ ತಿಕ್ಕಿದ, ಏನೋ ಕೆಂಪಗ ಬಂತು, ಮುಂದಿನವರನ ಕರದ."

ಹಿತ್ತಲದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಫ್ರೀನ ಆ ಮಾತನ್ನು ಮೂರನೆಯ ಸಲ ಕೇಳುತ್ತಿದ್ದಳು. ಅಡರಕಟ್ಟಿಯ ಅವರ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಆ ಕಲ್ಲಿನ ಮೇಲೆ ಮಾತ್ರ. ಶಾರ್ಜಾದಿಂದ ವಾಟ್ಸಾಪಿನ ಕರೆ ಹತ್ತುವುದಿಲ್ಲ. ಅದಕ್ಕೇ ಅವಳ ಅಬ್ಬಾ ಅಲ್ಲಾಸಾಬ ಊಟದ ಬಿಡುವಿನಲ್ಲಿ ಹೀಗೆ ಮಾತು ತುಂಬಿ ಕಳಿಸುತ್ತಿದ್ದರು. ಹಿಂದೆ ಹೊಲಿಗೆ ಮಷೀನುಗಳ ಗರಗರ. ಹೋಟೆಲು, ಶಾಲೆಗಳ ಯುನಿಫಾರ್ಮು ಹೊಲಿಯುವ ಕಂಪನಿಯಲ್ಲಿ ಅವರು ಹನ್ನೊಂದು ವರ್ಷದಿಂದ ಟೇಲರ್.

ಎರಡನೆಯ ಮಾತು ಇನ್ನೂ ಉದ್ದವಿತ್ತು. "ಸರಕಾರಿ ದವಾಖಾನಿಗೂ ಹೋಗಿ ಬಂದೆ. ನಾಕ ತಾಸ ಕುಂತೆ. ಕೇರಳದಾಕಿ ಒಬ್ಬಾಕಿ ನರ್ಸ ಹಿಂದಿ ಭಾಷಾದಾಗ ಹೇಳಿದ್ಲು: ಚಾಚಾ, ನಡಕೊಂಡ ಬಂದವರಿಗೆ ಕಂಪನಿ ಪತ್ರ ಬೇಕು, ಬಿದ್ದವರನ ಹೊತಗೊಂಡ ಬಂದ್ರ ಏನೂ ಕೇಳೂದಿಲ್ಲ. ಕಂಪನ್ಯಾಗ ಪತ್ರ ಕೇಳಿದ್ರ ಬುಕ್ರಾ ಅಂತಾರ. ಅಂದ್ರ ನಾಳಿ. ಅವರ ನಾಳಿ ಬರೂದಲ್ಲ ಬಿಡು." ಅಬ್ಬಾ ನಕ್ಕಿದ್ದರು. ನಗುವಿನ ಕೊನೆಗೆ ಸಣ್ಣ ಕೆಮ್ಮು. "ಗುಳಿಗಿ ಮುಗದ ಹದಿನೆಂಟ ದಿನ ಆತು. ಎದ್ದರ ನೆಲ ತೂಗಿದಂಗ ಆಕ್ಕೈತಿ. ಹೆಡಕಿನ್ಯಾಗ ಕಲ್ಲ ಇಟ್ಟಂಗ. ಅಮ್ಮೀಗೆ ಹೇಳಬ್ಯಾಡ."

ಅಮ್ಮೀ ಹಾಜಿರಾಬಿ ಎರಡು ಮಾರು ದೂರದಲ್ಲಿ ಮೊರದ ತುಂಬ ಶೇಂಗಾ ಹರವಿಕೊಂಡು ಕೂತಿದ್ದಳು. ಅವಳಿಗೆ ಹೇಳುವ ಅಗತ್ಯವೇ ಇರಲಿಲ್ಲ.

ತಪ್ಪು ಅಬ್ಬಾನದೇ ಎಂದರೂ ಎನ್ನಬಹುದಿತ್ತು. ಮೂರು ವರ್ಷದ ಹಿಂದೆ ರಜೆಗೆ ಬಂದಾಗ ಲಕ್ಷ್ಮೇಶ್ವರದ ಡಾಕ್ಟರೊಬ್ಬರು ಬಿಪಿ ಇದೆ ಎಂದು ಗುಳಿಗೆ ಬರೆದುಕೊಟ್ಟಿದ್ದರು. ಮೊನ್ನೆ ಕಂಪನಿ ಕೊಟ್ಟ ವಿಮೆಯ ಕಾರ್ಡು ಹಿಡಿದು ಖಾಸಗಿ ಕ್ಲಿನಿಕ್ಕಿಗೆ ಹೋದಾಗ, ಎಷ್ಟು ದಿನದಿಂದ ಎಂದು ಅಲ್ಲಿನವರು ಕೇಳಿದ್ದಕ್ಕೆ ಇವರು ಮುಚ್ಚುಮರೆಯಿಲ್ಲದೆ ಮೂರು ವರ್ಷ ಅಂದುಬಿಟ್ಟರು. ಕಾರ್ಡು ಆದದ್ದು ಹೋದ ವರ್ಷ. ಹಳೆಯ ರೋಗ ಮೊದಲೇ ಬರೆಸಿಲ್ಲ, ನಮ್ಮಲ್ಲಿ ಇದಕ್ಕೆ ಔಷಧವಿಲ್ಲ ಎಂದು ವಿಮೆಯವರು ಕೈಬಿಟ್ಟರು. ಕಾರ್ಡಿಲ್ಲದೆ ಹೊರಗೆ ತೋರಿಸುವುದು ಟೇಲರನ ಪಗಾರಕ್ಕೆ ಬಗ್ಗುವ ಮಾತಲ್ಲ. ಚೀಟಿಯಿಲ್ಲದೆ ಅಂಗಡಿಯವರು ಗುಳಿಗೆ ಕೊಡುವುದಿಲ್ಲ. ಅಫ್ರೀನ ಇದನ್ನೆಲ್ಲ ಒಂದು ನೂರು ಪುಟದ ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಿದ್ದಳು. ಬರೆದಾಗ ಎಲ್ಲ ಸರಿಯಾಗಿ, ಒಂದರ ಹಿಂದೆ ಒಂದು ಬರುತ್ತಿತ್ತು. ಯಾರ ಮುಂದಾದರೂ ಹೇಳಬೇಕಾದಾಗ ಮಾತ್ರ ನಾಲಿಗೆ ಒಣಗುತ್ತಿತ್ತು.

ಉಳಿದ ದಾರಿ ಒಂದೇ. ಅಬ್ಬಾನ ಕೋಣೆಯಲ್ಲೇ ಇರುವ ಶಿರಹಟ್ಟಿಯ ಇಲಿಯಾಸ ತಂಗಿಯ ಮದುವೆಗೆ ಬಂದವನು ಬರುವ ಶುಕ್ರವಾರ ವಾಪಸು ಹೊರಡುವವನಿದ್ದ. ಹೀಗೆ ಹೋಗುವವರ ಚೀಲದಲ್ಲಿ ನಾಲ್ಕಾರು ಮನೆಗಳ ಗಂಟು ಹೋಗುವುದು ರೂಢಿ; ಮನೆಗೆ ಎರಡು ಕಿಲೋ, ಗಂಟಿನ ಮೇಲೆ ಹೆಸರು. ಶೇಂಗಾ ಹಿಂಡಿಯ ಚಟ್ನಿಪುಡಿ, ಕಟಕ ರೊಟ್ಟಿ, ಉಪ್ಪಿನಕಾಯಿ, ಏನು ಕೊಟ್ಟರೂ ಇಲಿಯಾಸ ಬೇಡ ಅನ್ನುವವನಲ್ಲ. ಗುಳಿಗೆ ಅಂದಕೂಡಲೇ ಮಾತ್ರ ಕೈ ಎತ್ತಿದ್ದ. "ಡಾಕ್ಟರ ಹೊಸಾ ಚೀಟಿ ಇದ್ದರ ಒಯ್ತೀನಿ ಚಾಚಿ, ಇಲ್ಲಂದ್ರ ಇಲ್ಲ. ಹೋದ ವರ್ಷ ನಮ್ಮ ಜೋಡಿ ಬಂದ ಹುಡುಗನ್ನ ಗುಳಿಗಿ ಸಂಬಂಧ ಅಲ್ಲಿ ಏರ್‌ಪೋರ್ಟನ್ಯಾಗ ಆರ ತಾಸ ಕುಂಡ್ರಿಸಿದ್ರು."

ಸೋಮವಾರ ಅಫ್ರೀನ ಲಕ್ಷ್ಮೇಶ್ವರಕ್ಕೆ ಹೋಗಿ ಡಾಕ್ಟರ್ ಸುಶ್ಮಿತಾ ಅವರ ಮುಂದೆ ನೋಟುಬುಕ್ಕು ತೆರೆದಿಟ್ಟಿದ್ದಳು. ಅವರು ಓದಿದರು, ಪಾಪ, ಪೂರ್ತಿ ಓದಿದರು. "ನೋಡದ ಮನುಷ್ಯಾಗ ನಾ ಹೆಂಗ ಬರೀಲಿ? ಈಗ ಬಿಪಿ ಎಷ್ಟೈತಿ, ಕಿಡ್ನಿ ಹೆಂಗೈತಿ ಗೊತ್ತಿಲ್ಲ. ವಿಡಿಯೊ ಕಾಲ್ ಹಚ್ಚು, ಮಾತಾಡ್ತೀನಿ" ಎಂದರು. ಅಲ್ಲಿ ವಿಡಿಯೊ ಹತ್ತುವುದಿಲ್ಲ ಎಂದು ಹೇಳಲು ಅಫ್ರೀನಳಿಗೆ ಬಾಯಿ ಬರುವಷ್ಟರಲ್ಲಿ ಮುಂದಿನ ಪಾಳಿಯವರು ಒಳಗೆ ಬಂದು ಸ್ಟೂಲಿನ ಮೇಲೆ ಕೂತಾಗಿತ್ತು. ಟಂಟಂ ಆಟೊದಲ್ಲಿ ಊರಿಗೆ ಬರುವಾಗ ಅವಳು ಆ ವಾಕ್ಯವನ್ನು ಮನಸ್ಸಿನಲ್ಲಿ ಹತ್ತು ಸಲವಾದರೂ ಹೇಳಿಕೊಂಡಳು. ಒಂದೂ ಸಲ ತಪ್ಪಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂದು ಕಣ್ಣು ಉರಿದವು.

"ಅಲ್ಲಿ ಡಾಕ್ಟರ ಮುಂದ ಕುಂತ ಮನಶಾನ ನೋಡೂದಿಲ್ಲ, ಇಲ್ಲಿ ಡಾಕ್ಟರ ನೋಡದ ಬರಿಯೂದಿಲ್ಲ" ಎಂದಳು ಹಾಜಿರಾಬಿ, ಶೇಂಗಾ ಕೇರುತ್ತಲೇ. ಮೊರ ಕೆಳಗಿಟ್ಟು, "ಬುಧವಾರ ಶಿರಹಟ್ಟಿಗೆ ಹೋಗೂಣು. ಗಂಟ ಕೊಟ್ಟಂಗ ಆಕ್ಕೈತಿ. ಅಲ್ಲಿ ನಿಜಲಿಂಗಪ್ಪ ಡಾಕ್ಟರ ಅದಾರ" ಎಂದಳು.

"ಅವರೂ ಅಬ್ಬಾನ ಕರಕೊಂಡ ಬಾ ಅಂತಾರ ಅಮ್ಮೀ."

"ಅಬ್ಬಾನ ಹೆಸರ ಯಾರ ತಗೀತಾರ ಅಲ್ಲೆ?"

ಆಗ ಅಫ್ರೀನಳಿಗೆ ಅದು ತಿಳಿಯಲಿಲ್ಲ. ಬುಧವಾರ ಬೆಳಿಗ್ಗೆ ಅಮ್ಮೀ ರೊಟ್ಟಿಗೆ ಪಲ್ಯ ಹಚ್ಚಿಕೊಳ್ಳದೆ ಬರೇ ಮಾವಿನ ಉಪ್ಪಿನಕಾಯಿ ತಿಂದದ್ದು, ಅದೂ ಮೂರು ಹೋಳು, ನೋಡಿಯೂ ಅವಳು ಏನೂ ಕೇಳಲಿಲ್ಲ.

ನಿಜಲಿಂಗಪ್ಪ ಡಾಕ್ಟರ ದವಾಖಾನೆ ಶಿರಹಟ್ಟಿಯ ಬಜಾರಿನ ಒಂದು ಹಳೆಯ ಅಂಗಡಿ. ಹೊರಗಿನ ಬೆಂಚಿನ ಮೇಲೆ ಎಂಟು ಜನ, ಕೆಳಗೆ ನೆಲದ ಮೇಲೆ ಆರು. ಅವರ ಪಾಳಿ ಬರುವಷ್ಟರಲ್ಲಿ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಸ್ಟೂಲಿನ ಮೇಲೆ ಕೂತದ್ದು ಹಾಜಿರಾಬಿ. ಮಗಳ ಕಡೆ ನೋಡಲೇ ಇಲ್ಲ.

"ಏನಾಗೈತಿ ಬೀಬಿ?"

"ಎದ್ದರ ನೆಲ ತೂಗಿದಂಗ ಆಕ್ಕೈತ್ರಿ. ಹೆಡಕಿನ್ಯಾಗ ಕಲ್ಲ ಇಟ್ಟಂಗ."

ಅಫ್ರೀನ ತಲೆ ಎತ್ತಿದಳು. ಅವು ಅಬ್ಬಾನ ಮಾತು. ನಡುವೆ ಎಲ್ಲಿ ಉಸಿರು ತೆಗೆದುಕೊಂಡಿದ್ದರೋ ಅಲ್ಲೇ ಅಮ್ಮೀಯೂ ನಿಲ್ಲಿಸುತ್ತಿದ್ದಳು. "ಸಂಜೀಕ ಮಷೀನ ಬಿಟ್ಟ ಎದ್ದಾಗ ಕಣ್ಣಾಗ ಮಿಣಮಿಣ ಅಂತೈತ್ರಿ. ಕಾಲ ಜೋಮ ಹಿಡಿತಾವ."

"ಮಷೀನ? ಟೇಲರಿಂಗ್ ಮಾಡ್ತೀಯೇನು?"

"ಹೂಂ... ಮನ್ಯಾಗ, ಬ್ಲೌಸ ಹೊಲಿತೀನ್ರಿ" ಎಂದಳು ಜನ್ಮದಲ್ಲಿ ಸೂಜಿಗೆ ದಾರ ಪೋಣಿಸಿ ಗೊತ್ತಿಲ್ಲದ ಹಾಜಿರಾಬಿ.

"ಎಷ್ಟ ದಿನದಿಂದ ಹಿಂಗ?"

ಹಾಜಿರಾಬಿ ಈ ಪ್ರಶ್ನೆಗೇ ಕಾದು ಕೂತಿದ್ದವಳಂತೆ ನೆಟ್ಟಗಾದಳು. "ನಿನ್ನಿ ಮಧ್ಯಾಹ್ನದಿಂದ್ರಿ. ಅದಕ್ಕಿಂತ ಮೊದಲ ಒಂದ ದಿನಾನೂ ಇಲ್ರಿ. ಹಳೇದಲ್ಲರೀ ಇದು, ಬೇಕಾದ್ರ ಬರಕೋರಿ!"

ಮುದಿ ಡಾಕ್ಟರು ನಕ್ಕರು. ಅವಳ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ನಗು ಅಲ್ಲೇ ನಿಂತುಹೋಯಿತು. ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದರು. ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದರು, ಪಾದ ಒತ್ತಿ ನೋಡಿದರು, ಆಮೇಲೆ ಅವಳ ಮುಖವನ್ನೇ ದಿಟ್ಟಿಸಿ ನೋಡಿದರು.

"ಇದು ನಿನ್ನಿ ಮೊನ್ನಿದಲ್ಲವ್ವಾ. ಬಿಪಿ ನೂರಾ ತೊಂಬತ್ತೈತಿ. ಹಿಂಗ ಅಡ್ಡಾಡಿಕೋಂತ ಬಂದಿಯಲ್ಲ ನೀ." ಅಫ್ರೀನಳ ಕಡೆ ತಿರುಗಿದರು. "ತಂಗಿ, ದಿನಾ ಮುಂಜಾನೆ ಒಂದ ಗುಳಿಗಿ, ತಪ್ಪಸಬಾರದು. ಎಂಟ ದಿನಕ್ಕ ಮತ್ತ ಕರಕೊಂಡ ಬಾ. ರಕ್ತಾನೂ ತಪಾಸ ಮಾಡಿಸಬೇಕು."

ಅಫ್ರೀನ ಚೀಟಿ ನೋಡಿದಳು. ಅಬ್ಬಾ ನುಂಗುತ್ತಿದ್ದ ಗುಳಿಗೆಯೇ, ತಯಾರಿಸಿದ ಕಂಪನಿ ಮಾತ್ರ ಬೇರೆ. ಮೇಲೆ ಹೆಸರು: ಹಾಜಿರಾಬಿ, ವಯಸ್ಸು ನಲವತ್ತೊಂಬತ್ತು.

ಹೊರಗೆ ಬಂದಕೂಡಲೇ ಅಮ್ಮೀ ಸೆರಗಿನೊಳಗೆ ನಗತೊಡಗಿದಳು. ಎಷ್ಟೋ ದಿನದ ಮೇಲೆ ಅವಳ ನಗು. "ನೋಡಿದಿ? ಮೂರ ಹೋಳ ಉಪ್ಪಿನಕಾಯಿ! ಉಪ್ಪಿಗೆ ಬಿಪಿ ಕಾಟಾ ಹೆಂಗ ಏರಿತು ನೋಡು."

"ಅಮ್ಮೀ, ಉಪ್ಪಿನಕಾಯಿಗೆ ಅಷ್ಟ ಏರೂದಿಲ್ಲ. ನಿನಗ ಖರೇನ ಐತಿ."

"ಇರ್ಲೇಳ. ಜಲ್ದಿ ಗುಳಿಗಿ ತಗೋ ನಡಿ, ಇಲಿಯಾಸ ಚೀಲ ಕಟ್ಟಿಗಿಟ್ಟಾನು."

ಇಲಿಯಾಸನ ಮನೆಯ ಪಡಸಾಲೆಯಲ್ಲಿ ಎರಡು ದೊಡ್ಡ ಚೀಲಗಳು ಬಾಯಿ ತೆರೆದು ಬಿದ್ದಿದ್ದವು. ತೊಲೆಯ ಕೊಂಡಿಗೆ ಕಿರಾಣಿ ಅಂಗಡಿಯಿಂದ ತಂದ ಸ್ಪ್ರಿಂಗಿನ ತಕ್ಕಡಿ ನೇತಾಡುತ್ತಿತ್ತು. ಅವನು ಹಾಜಿರಾಬಿಯ ಗಂಟು ತೂಗಿದ, ಮೇಲೆ 'ಅಲ್ಲಾಸಾಬ ಚಾಚಾ' ಎಂದು ಬರೆದ, ಚೀಲಕ್ಕೆ ಇಳಿಸಿದ. ಆಮೇಲೆ ಗುಳಿಗೆಯ ಪಾಕೀಟು ತೆಗೆದುಕೊಂಡು ಚೀಟಿ ಬಿಡಿಸಿ ಓದಿದ. ಇನ್ನೊಮ್ಮೆ ಓದಿದ.

"ಚಾಚಿ, ಇದು ನಿಮ್ಮ ಹೆಸರಿನ ಚೀಟಿ."

"ಚೀಟಿ ಐತಿಲ್ಲೋ? ಸಹಿ, ಶಿಕ್ಕಾ ಎಲ್ಲಾ ಐತಿ."

"ಐತಿ. ಅಲ್ಲೆ ಹಾಜಿರಾಬಿ ಯಾರು ಅಂತ ಕೇಳಿದ್ರ ನಾ ಏನ ಬುರ್ಖಾ ಹಾಕ್ಕೊಂಡ ನಿಲ್ಲಲೇನ್ರಿ?"

ಒಳಗಿನಿಂದ ಹೆಂಗಸರು ಕಿಸಕ್ಕೆಂದರು. ಇಲಿಯಾಸ ನಗಲಿಲ್ಲ. "ನನ್ನ ಹೆಸರಿರಬೇಕು, ಇಲ್ಲಾ ಚಾಚಾಂದಿರಬೇಕು. ನಾ ಒಲ್ಲೆ ಅನ್ನಾಕತ್ತಿಲ್ರಿ. ಅವರ ಬಿಡೂದಿಲ್ಲ."

"ಹಿಂಡಿ ಡಬ್ಬಿಯೊಳಗ ಹಾಕಿ ಬಿಡ್ತೀನಿ. ಯಾರ ನೋಡ್ತಾರ?"

"ಚಾಚಿ!" ಇಲಿಯಾಸ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ನನ್ನ ಕೆಲಸ ಹೋಕ್ಕೈತ್ರಿ. ನಿಮ್ಮ ಕಾಲ ಬೀಳ್ತೀನಿ."

ಹಾಜಿರಾಬಿ ಪಾಕೀಟನ್ನು ಅವನ ಕೈಯಿಂದ ತೆಗೆದುಕೊಂಡಳು. ಚಹಾ ಬಂತು, ಮುಟ್ಟಲಿಲ್ಲ. "ನಡಿಯವಾ" ಎಂದು ಮಗಳಿಗೆ ಹೇಳಿ ಎದ್ದಳು. ಎದ್ದವಳು ಒಂದು ಹೆಜ್ಜೆ ಇಟ್ಟು ಹಾಗೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಣ್ಣು ಮುಚ್ಚಿದ್ದವು. ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು. ಅಫ್ರೀನ ಹಿಡಿಯಲು ಬಂದಾಗ ಕೈ ಕೊಡವಿ, "ಏನಿಲ್ಲ, ಬಿಸಲಾಗ ಕುಂತಿದ್ದೆ" ಎಂದಳು. ಅವರು ಕೂತದ್ದು ಪಡಸಾಲೆಯ ನೆರಳಿನಲ್ಲಿ.

ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ದೂರದಲ್ಲಿ ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಸಾವಕಾಶ ತಿರುಗುತ್ತಿದ್ದವು. ಅಫ್ರೀನ ಪಾಕೀಟು ಬಿಚ್ಚಿ ಪಟ್ಟಿಯಿಂದ ಒಂದು ಗುಳಿಗೆ ಒತ್ತಿ ತೆಗೆದಳು, ನೀರಿನ ಬಾಟಲಿಯ ಮುಚ್ಚಳ ತಿರುವಿದಳು.

"ಅದು ಅವರದು" ಎಂದಳು ಹಾಜಿರಾಬಿ. ಪಟ್ಟಿಯಲ್ಲಿ ಗುಳಿಗೆ ಹೋಗಿ ತೂತು ಬಿದ್ದ ಮನೆಯನ್ನೇ ನೋಡುತ್ತಿದ್ದಳು. "ಯಾಕ ಒಡದಿ? ಮತ್ತ ಯಾರರ ಹೋಗವರ ಸಿಗತಾರ."

"ಇದು ನಿಂದು."

"ನಾ ಸುಳ್ಳ ಹೇಳಿ ತಗೊಂಡದ್ದ ಅದು. ನನಗೇನಾಗೈತಿ?"

"ಅಮ್ಮೀ, ತಗೋ."

"ಹುಚ್ಚಿ ಗತೆ ಮಾಡಬ್ಯಾಡ. ಅವರ ಅಲ್ಲೆ ಗುಳಿಗಿ ಇಲ್ಲದ..."

"ಬಾಯಿ ತೆಗಿ!"

ಬಸ್ಸಿನ ಎಂಜಿನ್ನಿಗಿಂತ ಮೇಲೆ ಕೇಳಿತು ಆ ದನಿ. ಕಂಡಕ್ಟರ್ ತಿರುಗಿ ನೋಡಿದ. ಮುಂದಿನ ಸೀಟಿನ ಮುದುಕಿ, "ನೋಡ್ರೆವ್ವಾ, ಮಗಳ ತಾಯಿ ಆಗ್ಯಾಳ" ಎಂದು ಪಕ್ಕದವಳಿಗೆ ಹೇಳಿದಳು. ಅಫ್ರೀನಳ ಕಿವಿ ಕಾದವು, ಆದರೂ ಗುಳಿಗೆ ಹಿಡಿದ ಎರಡು ಬೆರಳುಗಳನ್ನು ಅಮ್ಮೀಯ ತುಟಿಯ ಮುಂದಿನಿಂದ ತೆಗೆಯಲಿಲ್ಲ. ಹಾಜಿರಾಬಿ ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಆಮೇಲೆ ಬಾಯಿ ತೆರೆದಳು. ಅಫ್ರೀನ ನೀರಿನ ಬಾಟಲಿ ಅವಳ ಕೈಗಿಟ್ಟಳು.

ಮನೆಗೆ ಬಂದಾಗ ಇಳಿಹೊತ್ತಿನ ಅಸರ್ ನಮಾಜಿನ ಕೂಗು ಮುಗಿದಿತ್ತು. ಹಿತ್ತಲದ ಕಲ್ಲಿನ ಹತ್ತಿರ ಹೋಗುತ್ತಲೇ ಫೋನು ಟಿಣ್ ಅಂದಿತು. ಅಬ್ಬಾ. ಆರು ಸೆಕೆಂಡಿನ ಮಾತು.

"ಗುಳಿಗಿ ಸಿಕ್ಕವೇನ ಅಫ್ರೀನ? ಇಲಿಯಾಸ ಏನಂದ?"

ಅಮ್ಮೀ ಹಿಂದೆಯೇ ಬಂದು ನಿಂತಿದ್ದಳು. "ಸಿಕ್ಕಾವು, ಒಯ್ತಾನ ಅಂತ ಹೇಳು. ಅವರಿಗೆ ಅಷ್ಟ ಧೈರ್ಯ ಇರ್ಲಿ."

ಅಫ್ರೀನ ಯಾವಾಗಲೂ ಉತ್ತರವನ್ನು ಬೆರಳಲ್ಲೇ ಒತ್ತಿ ಕಳಿಸುವವಳು; ಅಬ್ಬಾ ಅದನ್ನು ಕೋಣೆಯವರಿಂದ ಓದಿಸಿಕೊಳ್ಳುತ್ತಿದ್ದರು. ಅವಳು ಅಕ್ಷರಗಳ ಮೇಲೆ ಬೆರಳು ಇಟ್ಟಳು, ತೆಗೆದಳು. ಮೈಕಿನ ಗುರುತು ಒತ್ತಿ ಮೇಲಕ್ಕೆ ಸರಿಸಿ, ಫೋನನ್ನು ಅಮ್ಮೀಯ ಬಾಯಿಯ ಹತ್ತಿರ ಹಿಡಿದಳು. ಗಾಜಿನ ಮೇಲೆ ಸೆಕೆಂಡುಗಳು ಓಡತೊಡಗಿದವು. ಐದು. ಒಂಬತ್ತು. ಪಕ್ಕದ ಮನೆಯ ಕೋಳಿ ಕೆದರುತ್ತಿತ್ತು.

"ಏನ ಹೇಳ್ಲಿ?" ಎಂದು ಹಾಜಿರಾಬಿ ಕಣ್ಣಲ್ಲೇ ಕೇಳಿದಳು. ಅಫ್ರೀನ ಫೋನು ಕದಲಿಸಲಿಲ್ಲ.

ಹದಿನಾಲ್ಕು. ಹದಿನೇಳು.

"ಸಿಗಲಿಲ್ಲರೀ" ಎಂದಳು ಹಾಜಿರಾಬಿ ಕೊನೆಗೆ. ಕಲ್ಲಿನ ಅಂಚಿಗೆ ಕೂತಳು. "ಇಲ್ಲೆ... ನನಗೂ ಎದ್ದರ ನೆಲ ತೂಗಿದಂಗ ಆಕ್ಕೈತಿ. ಭಾಳ ದಿನಾತು. ಹೇಳಿದ್ದಿಲ್ಲ."

ಅಫ್ರೀನ ಕಳಿಸಿದಳು. ಫೋನನ್ನು ಕಲ್ಲಿನ ಮೇಲೆ, ಒಂದು ಮನೆ ಖಾಲಿಯಾದ ಗುಳಿಗೆಪಟ್ಟಿಯ ಪಕ್ಕ ಇಟ್ಟಳು. ಕಳಿಸಿದ ಮಾತಿನ ಕೆಳಗೆ ಬೂದು ಇದ್ದ ಎರಡು ಗೀರು ನೀಲಿಯಾದವು: ಅಬ್ಬಾನಿಗೆ ಮುಟ್ಟಿತ್ತು. ಸ್ವಲ್ಪ ಹೊತ್ತಿಗೆ ಅಬ್ಬಾನ ಹೆಸರಿನ ಕೆಳಗೆ, ಅವರು ಮಾತು ತುಂಬುತ್ತಿದ್ದಾರೆ ಎಂಬ ಸಾಲು ಮೂಡಿತು. ಅಳಿಯಿತು. ಮತ್ತೆ ಮೂಡಿತು. ತಾಯಿ ಮಗಳು ಇಬ್ಬರೂ ಬಾಗಿ, ಬಿಸಿಲಿಗೆ ಕೈ ಅಡ್ಡ ಹಿಡಿದು, ಆ ಸಾಲನ್ನೇ ನೋಡುತ್ತ ಕೂತರು.