ರೈಲಿನ ಸುದ್ದಿ

ಶವಪೆಟ್ಟಿಗೆ ಮುಚ್ಚಲು ಮುಚ್ಚಳ ಎತ್ತಿದ ಕೈಗಳನ್ನು ಲೂರ್ದ್ ತಡೆದಳು. “ಸ್ವಲ್ಪ ನಿಲ್ಲಿ. ಆಸ್ವಾಲ್ಡ್ ಬರ್ಲಿ.”

ಗಲ್ಫ್ ನಾಡಿನ ಜೆಬೆಲ್ ಅಲಿಯ ಸ್ಮಶಾನದಲ್ಲಿ ಬಿಸಿಲು ಸುಡುತ್ತಿತ್ತು. ಫಾದರ್ ಹಣೆ ಒರೆಸಿಕೊಂಡರು. ಆಸ್ವಾಲ್ಡ್ ಯಾವ ಕಡೆಯ ನೆಂಟ ಎಂದು ಯಾರೋ ಕೇಳಿದರು. ನೆಂಟನಲ್ಲ, ಗಂಡನ ಆಫೀಸಿನವನು, ಐರ್ಲೆಂಡಿನ ಸುದ್ದಿ ತರುತ್ತಿದ್ದಾನೆ ಎಂದಳು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡರು ಬಂದವರು. ಕರಾಮ ಬಡಾವಣೆಯಲ್ಲಿ ಅವಳ ಪಕ್ಕದ ಫ್ಲ್ಯಾಟಿನ ಮೋಹನದಾಸ್ ಮಾತ್ರ ಗೇಟಿನತ್ತ ಕತ್ತು ಚಾಚಿ ನಿಂತಿದ್ದರು.

* * *

ಲೂರ್ದಳ ಗಂಡ ಹ್ಯೂಬರ್ಟನದು ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡುವ ಕೆಲಸ. ಐರ್ಲೆಂಡಿನ ರಾಜಕೀಯ ವಾರಪತ್ರಿಕೆಯೊಂದರ ದಶಕಗಳ ಸಂಚಿಕೆಗಳು ಇಂಟರ್‌ನೆಟ್ಟಿಗೇರಲು ಅವನ ಮೇಜಿಗೆ ಬಂದಿದ್ದವು. ಪುಟ ತಿರುವಿದ್ದಕ್ಕೆ ಸಂಬಳ; ಓದಬೇಕೆಂದು ಯಾರೂ ಹೇಳಿರಲಿಲ್ಲ. ಈ ಪುಣ್ಯಾತ್ಮ ಓದಿಬಿಡುತ್ತಿದ್ದ. ಅಲ್ಲಿ ಯಾವ ಕಾಲಕ್ಕೋ ಬಿದ್ದ ಸರಕಾರ ಇಲ್ಲಿ ರಾತ್ರಿ ಊಟದ ಹೊತ್ತಿಗೆ ಬೀಳುತ್ತಿತ್ತು. ಸತ್ತುಹೋದ ಮಂತ್ರಿಗಳಿಗೆ ಮೀನುಸಾರಿನ ಮುಂದೆ ಬೈಗುಳ.

ಕೊನೆಕೊನೆಗೆ ಮನೆಯಲ್ಲಿ ಒಂದೇ ಮಾತು. ಸಣ್ಣ ಊರೊಂದರ ರೈಲು ನಿಲ್ಲಿಸಲು ಸರಕಾರ ಹೊರಟಿದೆ, ಊರ ಹೆಂಗಸರು ಹಳಿಯ ಮೇಲೆ ಕೂತುಬಿಟ್ಟಿದ್ದಾರೆ. ಚಹಾದ ನೆಪದಲ್ಲಿ ಮೋಹನದಾಸ್ ದಿನಾ ಹಾಜರು. ಮುಂದಿನ ಸಂಚಿಕೆ ಒಮ್ಮೆ ಇಣುಕಿ ನೋಡಿ ಎಂದು ಲೂರ್ದ್ ಗೋಗರೆದರೂ ಆಸಾಮಿ ಜಗ್ಗಲಿಲ್ಲ.

“ಆ ಹೆಂಗಸ್ರಿಗಿಂತ ಮೊದ್ಲು ನಮ್ಗೆ ಗೊತ್ತಾಗ್ಬಾರ್ದು ಮಾರಾಯ್ತಿ,” ಎಂದಿದ್ದ.

ಆ ಸಂಚಿಕೆಯ ಸರದಿ ಬರುವ ಮುನ್ನವೇ ನಿದ್ದೆಯಲ್ಲಿ ಅವನ ಹೃದಯ ನಿಂತಿತು. ರೈಲಿನ ಗತಿ ತಿಳಿಯದ ಗಂಡನನ್ನು ಮಣ್ಣಿಗೆ ಕೊಡಲು ಲೂರ್ದಳಿಗೆ ಮನಸ್ಸೊಪ್ಪಲಿಲ್ಲ. ಬೆಳಿಗ್ಗೆ ಆಫೀಸಿಗೆ ಹೋಗಿ ಆ ಪುಟ ತಾ ಎಂದು ಆಸ್ವಾಲ್ಡನಿಗೆ ಅವಳೇ ಹೇಳಿದ್ದಳು.

* * *

ಟ್ಯಾಕ್ಸಿ ಇಳಿದ ಆಸ್ವಾಲ್ಡ್ ಓಡುತ್ತಲೇ ಬಂದ.

“ರೈಲು ಉಳೀತು ಲೂರ್ದ್ ಬಾಯಿ,” ಎಂದ ಏದುಸಿರು ಬಿಡುತ್ತ. “ಸರಕಾರ ಸೋತಿತು. ಮೊದ್ಲ ಗಾಡಿಯಲ್ಲಿ ಆ ಹೆಂಗಸ್ರೇ ಕೂತು ಹೋದ್ರಂತೆ.”

ಮೋಹನದಾಸ್ ಚಪ್ಪಾಳೆ ತಟ್ಟಿಯೇಬಿಟ್ಟರು. ಮರುಕ್ಷಣ ನಾಚಿ ಕೈಗಳನ್ನು ಜೇಬಿಗಿಳಿಸಿದರು. ಲೂರ್ದಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಕೇಳಿದ್ದರೆ ಇವರು ಎಂಥ ಖುಷಿ ಪಡುತ್ತಿದ್ದರು ಎನಿಸಿತು. ಬಗ್ಗಿ ಗಂಡನ ಕಿವಿಯ ಬಳಿ ಬಾಯಿಟ್ಟಳು.

“ಕೇಳಿತಾ? ನಿಮ್ಮ ರೈಲು ಹೊರಟಿತು.”

ಆಸ್ವಾಲ್ಡ್ ತಂದ ಪ್ರಿಂಟಿನಲ್ಲಿ ರೈಲಿನ ಚಿತ್ರವಿತ್ತು. ಅವಸರದಲ್ಲಿ ಸ್ಕ್ಯಾನ್ ಮಾಡಿದ್ದರಿಂದ ಪುಟ ಒತ್ತಿ ಹಿಡಿದ ಆಸ್ವಾಲ್ಡನ ಹೆಬ್ಬೆರಳೂ ಅಂಚಿನಲ್ಲಿ ಮೂಡಿತ್ತು. ಹ್ಯೂಬರ್ಟ್ ಇದ್ದಿದ್ದರೆ ಖಂಡಿತ ಇನ್ನೊಮ್ಮೆ ಮಾಡಿಸುತ್ತಿದ್ದ. ಲೂರ್ದ್ ಕಾಗದದ ಇನ್ನೊಂದು ಅಂಚನ್ನು ಜಪಮಾಲೆ ಸುತ್ತಿದ ಗಂಡನ ಹೆಬ್ಬೆರಳ ಕೆಳಗೆ ಸಿಕ್ಕಿಸಿದಳು.

ಮುಚ್ಚಳ ಇಳಿಯಿತು. ಎರಡು ಹೆಬ್ಬೆರಳುಗಳ ನಡುವೆ ರೈಲಿನ ಕಿಟಕಿಗಳಿಂದ ಹೊರಗೆ ಬಾಗಿದ ಹೆಂಗಸರು ಕೈಬೀಸುತ್ತಲೇ ಇದ್ದರು.