ಸೋಡಾ ನೀರಿನಲ್ಲಿ ಕುದಿಸಿದ ತಗಡು

ನಮ್ಮ ಮನೆಯವರಿಗೆ ವಿಮಾನದ ಹುಚ್ಚು. ಹಾರುವ ವಿಮಾನದ್ದಲ್ಲ, ಬಿದ್ದ ವಿಮಾನದ್ದು. ಅಂಬಣ್ಣ ಅಂತ ಅವರ ಹೆಸರು. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ನಮ್ಮತ್ತೆ ಕಲಿಸಿದ್ದರು. ಆದರೆ ಈಗ ನನಗಿರುವ ಸಿಟ್ಟಿನಲ್ಲಿ ಹೆಸರು ಹೇಳಿದರೆ ಶಿವ ಏನೂ ಅನ್ನಲಾರ. ಸಿಟ್ಟು ಅರ್ಧ ಅವರ ಮೇಲೆ, ಅರ್ಧ ನನ್ನ ಮೇಲೆ. ಸುಳ್ಳು ಯಾಕೆ ಹೇಳಲಿ, ನನ್ನ ಮೇಲೆಯೇ ಹೆಚ್ಚು.

ನಿವೃತ್ತರಾದ ಮೇಲೆ ಗಂಡಸರು ಮೊಮ್ಮಕ್ಕಳನ್ನು ಆಡಿಸುತ್ತಾರೆ, ಇಲ್ಲವೇ ಶುಗರ್ ಇಳಿಸಲು ವಾಕಿಂಗ್ ಹೋಗುತ್ತಾರೆ. ಇವರು ಪುಣೆಯ ಜುನಾ ಬಜಾರಿಗೆ ಹೋಗಿ ಗುಜರಿ ಕೆದಕುತ್ತಾರೆ. ಎರಡನೇ ಮಹಾಯುದ್ಧದ ಕಾಲದ ವಿಮಾನದ ಬಕಲು, ಸುಟ್ಟ ಸ್ವಿಚ್ಚು, ಒಡೆದ ಮೀಟರು, ಏನು ಸಿಕ್ಕರೂ ಮನೆಗೆ ಬರಬೇಕು. ಭೂತಗನ್ನಡಿ ಹಿಡಿದು ಕೂತರೆಂದರೆ ಊಟಕ್ಕೆ ಕರೆದರೂ ಕಿವಿಗೆ ಬೀಳದು. ಯಾವ ಕಾರ್ಖಾನೆ ಎಂಥ ಅಂಕಿಯ ಠಸ್ಸೆ ಹೊಡೆಯುತ್ತಿತ್ತು, ಯಾವ ಹಸಿರು ಬಣ್ಣ ಅಮೆರಿಕದ್ದು, ಯಾವುದು ಇಂಗ್ಲೆಂಡಿನದು, ಎಲ್ಲ ಬಾಯಿಪಾಠ. ನಮ್ಮ ಮದುವೆಯಾದ ತಾರೀಖು ಮಾತ್ರ ನೆನಪಿರುವುದಿಲ್ಲ.

ಈ ವರ್ಷ ಮಳೆ ಹಿಡಿಯುವ ಮುಂಚೆ ಪುಣೆ ಹತ್ತಿರದ ಭೋರ್ ಊರಿನ ಪೇಟೆಯ ಹಳೇ ಪಾತ್ರೆ ಅಂಗಡಿಯಲ್ಲಿ ಇವರಿಗೆ ಕಾಳಿನ ಡಬ್ಬಿಯೊಂದು ಸಿಕ್ಕಿತು. ಯುದ್ಧದ ಕಾಲದಲ್ಲಿ ಅಲ್ಲಿನ ಬೆಟ್ಟದಲ್ಲಿ ಒಂದು ವಿಮಾನ ಬಿದ್ದಿತ್ತಂತೆ. ಜನ ಅದರ ತಗಡು ಹೊತ್ತು ತಂದು ಪಾತ್ರೆ ಮಾಡಿಸಿಕೊಂಡಿದ್ದರಂತೆ. ಡಬ್ಬಿಯ ತಳಕ್ಕೆ ತೇಪೆ ಹಾಕಿದ್ದ ಅಂಗೈಯಗಲದ ಅಲ್ಯೂಮಿನಿಯಂ ತಗಡು ಆ ವಿಮಾನದ ನಂಬರಿನ ಫಲಕವಾಗಿತ್ತು. ವೆಂಜನ್ಸ್ ಎನ್ನುವ ಬಾಂಬಿನ ವಿಮಾನ ಅದು. ಅದರ ಫಲಕ ಇವರಂಥ ಹುಚ್ಚಿನವರ ಪೈಕಿ ಯಾರ ಹತ್ತಿರವೂ ಇಲ್ಲವಂತೆ. ಅವತ್ತು ಇವರು ಮನೆಯಲ್ಲಿ ಕುಣಿಯುವುದೊಂದು ಬಾಕಿ.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಂಬರು ಹಿಡಿದು ಹುಡುಕಿ, ವಿಮಾನದಲ್ಲಿ ಸತ್ತವರು ಯಾರೆಂದು ಪತ್ತೆ ಹಚ್ಚಿದರು. ನಡೆಸುತ್ತಿದ್ದವನು ಇಂಗ್ಲಿಷಿನವನು. ಹಿಂದೆ ಬಂದೂಕು ಹಿಡಿದು ಕೂತಿದ್ದವನು ನಮ್ಮ ವಿಜಾಪುರದ ಕಡೆಯವನು, ನಮ್ಮ ಪೈಕಿಯವನೇ. ಅವನ ಮಗ ಸಿದ್ರಾಮಪ್ಪನವರು ಇದೇ ಪುಣೆಯಲ್ಲಿ, ರವಿವಾರ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾರೆ ಅನ್ನುವುದೂ ಗೊತ್ತಾಯಿತು. ಇವರು ಹಿರಿಹಿರಿ ಹಿಗ್ಗುತ್ತ ಫೋನು ಹಚ್ಚಿದರು.

ಸಿದ್ರಾಮಪ್ಪನವರು ಮಾರನೇ ದಿನವೇ ಬಂದರು. ಎಂಬತ್ತು ದಾಟಿದ ಜೀವ, ಕಣ್ಣು ಮಂಜು. ಅಪ್ಪ ಸತ್ತಾಗ ಇವರಿನ್ನೂ ತಾಯಿಯ ಹೊಟ್ಟೆಯಲ್ಲಿ. ಫಲಕವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು, ಆಮೇಲೆ ಎದೆಗೆ.

"ನಮ್ಮವ್ವ ಕಾಶವ್ವ ಸಾಯೂತನಕಾ ಹಣೀ ಕುಂಕುಮ ಅಳಿಸಲಿಲ್ರಿ," ಅಂದರು. "'ಹೆಣಾ ನೋಡಿಲ್ಲ, ಮಣ್ಣ ಕೊಟ್ಟಿಲ್ಲ, ನಾ ಯಾಕ ಅಳಿಸ್ಲಿ' ಅಂತಿದ್ಲು. ಅಂಬಣ್ಣಾರ, ಇದು ನನಗ ಬೇಕ್ರಿ. ಇಂದಾಪುರದ ಹೊಲದಾಗ ಅವ್ವನ ಗದ್ದಿಗಿ ಅದ. ಅದರ ಬಾಜೂಕ ಅಪ್ಪಗ ಮಣ್ಣ ಕೊಡ್ತೀನಿ."

ನಮ್ಮಲ್ಲಿ ಹೆಣ ಸುಡುವುದಿಲ್ಲ, ಹೂಳುತ್ತೇವೆ. ಸತ್ತವರಿಗೆ ಬಂದವರೆಲ್ಲ ಮೂರು ಹಿಡಿ ಮಣ್ಣು ಹಾಕಿದರೇನೇ ಋಣ ಹರಿಯಿತು. ಇಷ್ಟು ವರ್ಷ ಮಣ್ಣು ಕಾಣದ ಅಪ್ಪನಿಗೆ ಮುದುಕ ಮಗ ಕೇಳಿದ್ದು ಅಷ್ಟೇ. ಇವರು "ಮಣ್ಣ ಕೊಡೂ ದಿನಾ ನಾನ ತರ್ತೀನ್ರಿ" ಅಂತ ಫಲಕ ತಿರುಗಿ ಇಸಿದುಕೊಂಡರು.

ಅವರು ಹೋದ ಮೇಲೆ ಇವರ ಮುಖ ನೋಡಬೇಕಿತ್ತು. ಅನ್ನ ಕಲಸಿ ಹಾಗೇ ಬಿಟ್ಟರು. "ಮಣ್ಣಾಗ ಇಟ್ರ ತಿಂದು ಹೋಗ್ತದ ಶೈಲಾ. ಒಂದ ಒಂದು ಉಳದದ," ಅಂತ ಅದೇ ಜಪ. ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯಿತು.

"ಒಂದ ತಗಡಿಗೆ ಇಷ್ಟ್ಯಾಕ ಒದ್ದಾಡ್ತೀರಿ? ಅಂಥಾದ ಇನ್ನೊಂದು ಹೊಡಸ್ರಿ. ಅಜ್ಜಾರಿಗೆ ಅದನ್ನ ಕೊಡ್ರಿ. ಮಣ್ಣಾಗ ಹಾಕೂದಕ್ಕ ಯಾವ ತಗಡಾದ್ರೇನು?"

ಹಾಗಂದವಳು ನಾನು. ಹಾವೂ ಸಾಯದಂತೆ, ಕೋಲೂ ಮುರಿಯದಂತೆ ದಾರಿ ತೋರಿಸಿದೆನೆಂದು ಜಂಬ ಬೇರೆ.

ಬುಧವಾರ ಪೇಟೆಯಲ್ಲಿ ಬಾಗಿಲಿಗೆ ಹಾಕುವ ಹೆಸರಿನ ಫಲಕ ಮಾಡುವ ಬಾಳು ಅದನ್ನು ಅಕ್ಷರಕ್ಕೆ ಅಕ್ಷರ ಹೊಡೆದುಕೊಟ್ಟ. "ಝಕಾಸ್ ಝಾಲಂ ಕಾಕೂ," ಅಂತ ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡ. ಝಕಾಸ್ ಏನೋ ಆಗಿತ್ತು, ಆದರೆ ಹೊಸ ಲೋಟದ ಹಾಗೆ ಫಳಫಳ ಹೊಳೆಯುತ್ತಿತ್ತು. ಇವರು ತಲೆ ಮೇಲೆ ಕೈ ಹೊತ್ತು ಕೂತರು. ಅಯ್ಯ, ಅಲ್ಯೂಮಿನಿಯಂ ಪಾತ್ರೆ ತಿಕ್ಕಿದ ಹೆಂಗಸಿಗೆ ಅದೇನು ದೊಡ್ಡ ವಿದ್ಯೆ? ಹುಣಸೆಹಣ್ಣು ಹಚ್ಚಿದರೆ ಹೊಳೆಯುತ್ತದೆ, ಸೋಡಾ ಹಾಕಿದರೆ ಕಪ್ಪಿಡುತ್ತದೆ. ಬಟ್ಟೆ ಒಗೆಯುವ ಸೋಡಾ ಹಾಕಿ, ಬೇಳೆ ಬೇಯಿಸುವ ಪಾತ್ರೆಯಲ್ಲೇ ಚೆನ್ನಾಗಿ ಕುದಿಸಿದೆ. ಕಲ್ಲಿಗೆ ತಿಕ್ಕಿದೆ, ಮೂಲೆ ಬಗ್ಗಿಸಿದೆ, ಹೊಲಿಗೆ ಯಂತ್ರದ ಎಣ್ಣೆ ಸವರಿ ಕುಂಡದ ಮಣ್ಣಿನಲ್ಲಿ ಹೊರಳಿಸಿದೆ. ಅಕ್ಕಪಕ್ಕ ಇಟ್ಟರೆ ನನಗೇ ಗುರುತು ಸಿಗಲಿಲ್ಲ. ಇವರು "ಭಪ್ಪರೇ" ಅಂದರು. ನಾನು ನಕ್ಕೆ. ಆ ನಗು ನೆನೆದರೆ ಈಗ ಮೈಮೇಲೆ ಮುಳ್ಳು ಏಳುತ್ತದೆ.

ಶ್ರಾವಣದ ಸೋಮವಾರ ಆ ಹೊಸ ತಗಡನ್ನೇ ಚೀಲಕ್ಕೆ ಹಾಕಿಕೊಂಡು ಇಂದಾಪುರಕ್ಕೆ ಹೋದೆವು. ಕಬ್ಬಿನ ಹೊಲದ ದಂಡೆಯಲ್ಲಿ ಕಾಶವ್ವನ ಗದ್ದುಗೆ, ಪಕ್ಕದಲ್ಲಿ ಹೊಸದಾಗಿ ತೋಡಿದ ಸಣ್ಣ ಕುಣಿ. ಐನೋರು ಬಂದಿದ್ದರು. ಸಿದ್ರಾಮಪ್ಪನವರ ಹೆಂಡತಿ ಇಂದೂ, ಬೀಗರು, ಹೊಲದ ಆಳುಗಳು, ಎಲ್ಲ ಸೇರಿ ಒಂದು ಸಾವಿನ ಮನೆಗೆ ಕೂಡುವಷ್ಟು ಮಂದಿ ಕೂಡಿದ್ದರು. ತಗಡಿಗೆ ವಿಭೂತಿ ಬಳಿದರು, ಪತ್ರಿ ಏರಿಸಿದರು. ಸಿದ್ರಾಮಪ್ಪನವರು ಅದನ್ನು ಕೂಸಿನಂತೆ ಎರಡು ಕೈಯಲ್ಲಿ ಎತ್ತಿ ಕುಣಿಯಲ್ಲಿಟ್ಟರು. ಆಮೇಲೆ ಕಿಸೆಯಿಂದ ಅರಿಶಿನ ಹತ್ತಿದ ಬಟ್ಟೆಯ ಗಂಟು ತೆಗೆದರು. ಒಳಗೆ ಒಂದು ತಾಳಿ.

"ಅವ್ವ ಸಾಯೂ ಮುಂದ ತಾನ ಬಿಚ್ಚಿ ನನ್ನ ಕೈಯಾಗ ಕೊಟ್ಲು. 'ಅವರು ಸಿಕ್ಕ ದಿನಾ ಅವರ ಕೂಡ ಇದನ್ನ ಇಡು' ಅಂದಿದ್ಲು," ಅಂತ ಹೇಳಿ, ಆ ತಾಳಿಯನ್ನು ತಗಡಿನ ಮೇಲಿಟ್ಟು, ಅಲ್ಲೇ ಕುಸಿದು ಕೂತು ಚಿಕ್ಕ ಹುಡುಗನ ಹಾಗೆ "ಅಪ್ಪಾ" ಅಂತ ಅತ್ತರು. ಎಂಬತ್ತು ವರ್ಷದಲ್ಲಿ ಅವರು ಹಾಗೆ ಕೂಗಿ ಕರೆದದ್ದು ಅದೇ ಮೊದಲ ಸಲ.

ಶಿವನೇ! ನನ್ನ ಬೇಳೆಯ ಪಾತ್ರೆಯಲ್ಲಿ ಕುದ್ದ ತಗಡಿನ ಮೇಲೆ ಆ ತಾಯಿಯ ತಾಳಿ. ನನ್ನ ಕೈ ತಾನಾಗಿ ನನ್ನ ಕೊರಳಿಗೆ ಹೋಯಿತು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವರು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಬಾ ತಂಗಿ, ನೀನೂ ಮಣ್ಣ ಕೊಡವಾ. ನಿಮ್ಮಿಂದ ನಮ್ಮಪ್ಪ ಮನಿಗೆ ಬಂದ," ಅಂದರು. ನಾನು ಹೋದೆ. ಮೂರು ಹಿಡಿ ಮಣ್ಣು ಹಾಕಿದೆ.

ಪುಣೆಗೆ ಬಂದ ಮೇಲೆ ಉಂಡದ್ದು ಮೈಗೆ ಹತ್ತಲಿಲ್ಲ. ಬೇಳೆಗೆ ಇಡಲು ಆ ಪಾತ್ರೆ ಕೈಗೆತ್ತಿಕೊಂಡವಳು ತಿರುಗಿ ಅಲ್ಲೇ ಇಟ್ಟು ಬೇರೆಯದನ್ನು ಹುಡುಕುತ್ತಿದ್ದೆ. ಯಾರಾದರೂ ಅಪ್ಪ ಅಂದರೆ ಸಾಕು, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ನಾನು ಬೆಚ್ಚುತ್ತಿದ್ದೆ. ಇವರೋ, ಗಾಜಿನ ಕಪಾಟಿನಲ್ಲಿ ನಿಜವಾದ ಫಲಕ ಇಟ್ಟು ಅದಕ್ಕೊಂದು ದೀಪ ಹಾಕಿಸಿದ್ದರು. ಒಂದು ದಿನ ನಾನು ಕಪಾಟು ತೆಗೆದು ಫಲಕ ಚೀಲಕ್ಕೆ ಹಾಕಿಕೊಂಡೆ.

"ಶೈಲಾ, ವಿಚಾರ ಮಾಡು. ಮುಂದಿನವರಿಗೆ ಉಳೀಬೇಕು ಅದು," ಅಂತ ಬಾಗಿಲಿಗೆ ಅಡ್ಡ ನಿಂತರು.

"ಮುಂದಿನವರು ಹಾಳಾಗಿ ಹೋಗ್ಲಿ. ಹಿಂದಿನವರಿಗೆ ಏನು ಹೇಳೂಣು? ಸರೀರಿ. ನಾ ಕೇಳಾಕ ಹತ್ತಿಲ್ಲ, ಹೇಳಾಕ ಹತ್ತೀನಿ."

ಸರಿದರು. ಚಪ್ಪಲಿ ಮೆಟ್ಟಿಕೊಂಡು ಹಿಂದಿನಿಂದ ಅವರೂ ಬಂದರು, ಅಷ್ಟು ಪುಣ್ಯ.

ಅಂಗಡಿಯ ಗಾದಿಯ ಮೇಲೆ ಸಿದ್ರಾಮಪ್ಪನವರು ಒಬ್ಬರೇ ಇದ್ದರು. ನಮ್ಮನ್ನು ಕಂಡು "ಬಾ ತಂಗಿ, ಬರ್ರಿ," ಅಂತ ಚಹಾ ಹೇಳಹೊರಟರು. ನಾನು ಫಲಕವನ್ನು ಅವರ ಮುಂದಿಟ್ಟು, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ. ಹೇಳಿದರೆ ಭಾರ ಇಳಿಯುತ್ತದೆ ಅನ್ನುತ್ತಾರಲ್ಲ, ಶುದ್ಧ ಸುಳ್ಳು. ನನ್ನ ಭಾರ ತೆಗೆದು ಆ ಮುದುಕನ ತಲೆ ಮೇಲೆ ಹೊರಿಸಿದ ಹಾಗಾಯಿತು.

ಅವರು ಫಲಕವನ್ನು ಕಣ್ಣ ಹತ್ತಿರ ಹಿಡಿದು ಅಂಕಿಗಳ ಮೇಲೆ ಬೆರಳಾಡಿಸಿದರು. ಆಮೇಲೆ ಕೇಳಿದರು, "ಅವ್ವನ ತಾಳಿ ಇಡೂಮುಂದ ನೀವು ಅಲ್ಲೇ ಇದ್ರಲಾ?"

"ಇದ್ವಿರಿ."

"ಹಳೇದ ಕಾಣೂಹಂಗ ಅದನ್ನ ಮಾಡಿದವರು ಯಾರು?"

ಇವರು ಬಾಯಿ ತೆಗೆಯುವ ಮೊದಲೇ ನಾನು, "ನಾನ ರೀ ಅಣ್ಣಾರ," ಅಂದೆ. ಅಣ್ಣಾರ ಅನ್ನುವ ಮಾತಿಗೆ ಅವರು ಮುಖ ತಿರುಗಿಸಿದರು. ಹೊಸ ಥಾನಿನಿಂದ ಬಿಳಿ ಬಟ್ಟೆ ಹರಿದು ಫಲಕ ಸುತ್ತಿದರು. "ಐನೋರಿಗೆ ನಾ ಹೇಳ್ತೀನಿ. ಸೋಮವಾರ ಇಬ್ಬರೂ ಬರ್ರಿ. ತೋಡೂದು ನೀವ ತೋಡಬೇಕು," ಅಂದರು. ಚಹಾ ಬರಲಿಲ್ಲ.

ಸೋಮವಾರ ಅಷ್ಟೇ ಮಂದಿ ಇದ್ದರು. ಯಾರೂ ನಮ್ಮನ್ನು ಬೈಯಲಿಲ್ಲ, ಮಾತಾಡಿಸಲೂ ಇಲ್ಲ. ಇವರು ಹಾರೆ ಹಿಡಿದು ಏದುಸಿರು ಬಿಡುತ್ತ ಕುಣಿ ತೋಡಿದರು. ತಾಳಿಯನ್ನು ಸಿದ್ರಾಮಪ್ಪನವರ ಹೆಂಡತಿ ಇಂದೂ ತೆಗೆದು ಸೆರಗಿನಿಂದ ಒರೆಸಿಕೊಂಡರು. ನನ್ನ ತಗಡನ್ನು ಒಬ್ಬ ಆಳು ತಂದು ನನ್ನ ಕಾಲ ಹತ್ತಿರ ಇಟ್ಟು ಹೋದ. ನಿಜವಾದ ಫಲಕ ಕುಣಿಗಿಳಿಯಿತು, ಅದರ ಮೇಲೆ ತಾಳಿ ಇಳಿಯಿತು. ಸಿದ್ರಾಮಪ್ಪನವರು ಈ ಸಲ ಅಳಲಿಲ್ಲ. ನಮ್ಮ ದೆಸೆಯಿಂದ ಆ ಅಳುವೂ ಸುಳ್ಳು ತಗಡಿನ ಮೇಲೆ ಖರ್ಚಾಗಿಹೋಗಿತ್ತು.

ಒಬ್ಬೊಬ್ಬರಾಗಿ ಮಣ್ಣು ಕೊಟ್ಟರು. ಇವರು ಹಾರೆ ಹಿಡಿದು ದೂರದಲ್ಲೇ ನಿಂತರು, ಮುಂದೆ ಬರುವ ಧೈರ್ಯ ಆಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಈಗಲಾದರೂ ಸರಿಯಾದವರಿಗೆ ಕೊಡುತ್ತೇನೆಂದು ಹೋಗಿ, ಬಗ್ಗಿ ಒಂದು ಹಿಡಿ ತುಂಬಿಕೊಂಡೆ. ಸಿದ್ರಾಮಪ್ಪನವರು ನನ್ನ ಮಣಿಕಟ್ಟು ಹಿಡಿದರು. ಬಿಗಿಯಾಗಿಯೇನಲ್ಲ.

"ಬ್ಯಾಡ್ರಿ ಬಾಯಾರ," ಅಂದರು, ತಂಗಿ ಅನ್ನಲಿಲ್ಲ. "ನಿಮ್ಮ ಪಾಲಿನ ಮಣ್ಣು ನೀವು ಆಗಲೇ ಕೊಟ್ಟೀರಿ."