ಬೆನ್ನಿನ ದೀಪ

ಶಿಕಾರಿಪುರದಿಂದ ಚಂದ್ರಗುತ್ತಿಗೆ ವರ್ಷಕ್ಕೊಮ್ಮೆ ಬರಿಗಾಲಲ್ಲಿ ನಡೆದು ಹೋಗುವ ಆ ತಂಡದಲ್ಲಿ ತಲೆ ಎಣಿಸುವ ಪದ್ಧತಿಯಿಲ್ಲ. ದೇವಿಯ ಹೆಸರು ಹೇಳಿ ಹೊರಟವರನ್ನು ಕುರಿಮಂದೆಯ ಹಾಗೆ ಎಣಿಸಬಾರದೆಂಬುದು ಹಿರಿಯರು ಹಾಕಿಕೊಟ್ಟ ಮಾತು. ಎಲ್ಲರಿಗಿಂತ ಮುಂದೆ ನಡೆಯುವ ಮಲ್ಲಿಕಾರ್ಜುನಪ್ಪ ತಂಗುವ ಜಾಗ ಮುಟ್ಟಿದ ಮೇಲೆ ಬಂದ ದಾರಿಯತ್ತ ಮುಖಮಾಡಿ ನಿಲ್ಲುತ್ತಾರೆ. ಕಟ್ಟಕಡೆಗೆ ಒಂದು ಕೆಂಪು ದೀಪ ಬರುತ್ತದೆ. ಅದು ಬಂತೆಂದರೆ ಎಲ್ಲರೂ ಬಂದರು. ಎಲೆ ಹಾಸುವುದು ಆಮೇಲೆ.

ದೀಪ ಹೊರುವವನು ಕೆಂಪಪ್ಪ. ಅವನ ಅಪ್ಪ ಭೀಮಣ್ಣ ತಾಳಗುಪ್ಪದ ಹಾದಿಯ ಉಗಿಬಂಡಿಗೆ ಕಲ್ಲಿದ್ದಲು ಉಣಿಸುತ್ತಿದ್ದವನು. ರೈಲಿನ ಕೊನೆಯ ಡಬ್ಬಿಗೆ, ಎಂಜಿನ್ ಒಂಟಿಯಾಗಿ ಓಡುವಾಗ ಅದರ ಬೆನ್ನಿಗೇ, ತೂಗುತ್ತಿದ್ದ ಸೀಮೆಎಣ್ಣೆ ದೀಪ ಅದು. ಕಪ್ಪು ತಗಡಿನ ಮೈ, ಅಂಗೈಯಗಲದ ಕೆಂಪು ಉಬ್ಬುಗಾಜು. ಉಗಿಬಂಡಿಗಳು ಗುಜರಿಗೆ ಹೋದಾಗ ಭೀಮಣ್ಣ ಕೇಳಿ ತಂದದ್ದು ಇದೊಂದನ್ನೇ.

"ಸ್ಟೇಷನ್ ಮಾಸ್ತರು ಡಬ್ಬಿ ಎಣಿಸಂಗಿಲ್ಲೋ ಮಗನೇ," ಎನ್ನುತ್ತಿದ್ದ ಆತ. "ಬೆನ್ನಿನ ಕೆಂಪು ನೋಡ್ತಾರೆ. ಅದು ಕಂಡ್ರೆ ಹಿಂದೆ ಏನೂ ಉಳಿದಿಲ್ಲ ಅಂತ ನಂಬಿ ದಾರಿ ಬಿಡ್ತಾರೆ. ಈ ದೀಪ ಸುಳ್ಳು ಹೇಳಬಾರದು."

ಈ ವರ್ಷ ಕೆಂಪಪ್ಪನ ಮಂಡಿ ಊದಿಕೊಂಡಿತ್ತು. ಸೊರಬ ದಾಟಿ, ಹೊತ್ತು ಇಳಿಯುತ್ತಿದ್ದಂತೆ ಅವನು ದೀಪ ಹಚ್ಚಿ, ಕೆರೆಯ ಪಕ್ಕದ ಮೋರಿಕಟ್ಟೆಯ ಮೇಲೆ ಕೂತು ಮಂಡಿಗೆ ಟವೆಲು ಬಿಗಿಯತೊಡಗಿದ. ತಲೆಯೆತ್ತಿದಾಗ ರಸ್ತೆ ಖಾಲಿ. ಅಷ್ಟರಲ್ಲಿ ಎದುರಿನಿಂದ ತಂಗಿಯ ಮಗ ಉದಯ ಬೈಕಿನಲ್ಲಿ ಬಂದ.

"ಎಲ್ಲಾ ಮುಂದೆ ಹೋದ್ರು ಮಾವ. ಬೈಕು ಹತ್ತು. ದೇವಿ ಏನು ನಿನ್ನ ಕಾಲು ಎಣಿಸ್ತಾ ಕೂತಿರ್ತಾಳಾ?"

ಕೆಂಪಪ್ಪ ಒಂದು ಗಳಿಗೆ ರಸ್ತೆಯನ್ನು ನೋಡಿದ. ಕೆರೆಯತ್ತ ನೋಡಲಿಲ್ಲ. ಹತ್ತಿ ಕೂತ.

ಬೆಟ್ಟದ ಬುಡದಲ್ಲಿ ಕೆಂಪು ಕಂಡದ್ದೇ ಜನ "ಉಧೋ ಉಧೋ" ಎಂದರು. ಎಲೆ ಬಿದ್ದವು. ಹುಲಿಯಮ್ಮ ಅನ್ನ ಬಡಿಸುತ್ತ ಬಂದವಳು ನಿಂತು, "ಸಾವಿತ್ರಿಬಾಯಿ ಕಾಣಂಗಿಲ್ಲಲ್ರೀ?" ಎಂದಳು.

"ಅವಳು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಾಳೆ!" ಯಾರೋ ನಕ್ಕರು. "ಇಲ್ಲೇ ಎಲ್ಲೋ ಇರ್ತಾಳೆ ಬಿಡು. ದೀಪ ಬಂದೈತಲ್ಲ."

ದೀಪ ಬಂದೈತಲ್ಲ. ಕೆಂಪಪ್ಪನ ಕೈಯೊಳಗಿನ ತುತ್ತು ಕೈಯಲ್ಲೇ ಉಳಿಯಿತು. ಪ್ರತಿ ವರ್ಷ ಅವನಿಗಿಂತ ನಾಲ್ಕು ಮಾರು ಮುಂದೆ, ತಂಡಕ್ಕೆಲ್ಲ ಕೊನೆಯವಳಾಗಿ, ಕುಂಟುತ್ತ ಹಾಡಿಕೊಳ್ಳುತ್ತ ನಡೆಯುವ ಮುದುಕಿ ಅವಳು. ಕಾಡು ಸೇರಿದ ರಸ್ತೆ. ಕಣ್ಣು ಬೇರೆ ಮಂಜು. ಅವಳನ್ನು ಹುಡುಕಬೇಡಿರೆಂದು ಇಷ್ಟು ಜನಕ್ಕೆ ಹೇಳುತ್ತಿರುವುದು ತನ್ನ ದೀಪವೇ.

ಅವನು ಎದ್ದು, ತಗಡಿನ ಬಾಗಿಲು ತೆರೆದು, ಉಫ್ ಎಂದು ಬತ್ತಿ ಆರಿಸಿದ.

"ದೀಪ ಇನ್ನೂ ಬಂದಿಲ್ರೀ ಅಪ್ಪಾರೆ," ಎಂದ ಮಲ್ಲಿಕಾರ್ಜುನಪ್ಪನವರಿಗೆ. "ನಾನು ಬೈಕಿನಾಗೆ ಬಂದೆ. ಹಿಂದೆ ನೋಡಿ ಬರಲಿಲ್ಲ."

ಯಾರೂ ಬೈಯಲಿಲ್ಲ. ಮಲ್ಲಿಕಾರ್ಜುನಪ್ಪ ಎಲೆಯಿಂದ ಕೈ ತೆಗೆದು, ಎದ್ದು ಹೋಗಿ ರಸ್ತೆಗೆ ಮುಖಮಾಡಿ ನಿಂತರು. ಒಬ್ಬೊಬ್ಬರಾಗಿ ಎಲ್ಲರ ಕೈಯೂ ಎಲೆಯಿಂದ ಹಿಂದೆ ಬಂತು.

ಉದಯ ಬೈಕು ಹಾರಿಸಿದ. ದೀಪ ಹಿಡಿದು ಹಿಂದೆ ಕೂತ ಕೆಂಪಪ್ಪ ತಿರುವು ತಿರುವಿನಲ್ಲೂ ಸಾವಿತ್ರಿಬಾಯಿಯ ಹೆಸರು ಹಿಡಿದು ಕೂಗಿದ. ಮೋರಿಕಟ್ಟೆಯ ಮೇಲೆ, ಅವನು ಕೂತಿದ್ದ ಜಾಗದಲ್ಲೇ, ಸಾವಿತ್ರಿಬಾಯಿ ಸೆರಗು ಹೊದ್ದು ಕೂತಿದ್ದಳು.

"ಕೆರೆಗಿಳಿದು ಕಾಲು ತೊಳ್ಕೊಂಡು ಬಂದೆ. ಯಾರೂ ಇಲ್ಲ. ದೀಪ ನನ್ನ ಹಿಂದೆ ಐತಿ, ಬರ್ತೈತಿ ಅಂತ ಕೂತೆ," ಎಂದು ಬೈಕಿನ ಬೆಳಕಿಗೆ ಕಣ್ಣು ಕಿರಿದು ಮಾಡಿದಳು. "ನೀನೇನೋ ಕೆಂಪಾ, ಮುಂದಿನಿಂದ ಬರ್ತೀಯ?"

ಕೆಂಪಪ್ಪ ಬೈಕಿನಿಂದ ಇಳಿದ. ದೀಪ ಅವಳ ಕಾಲಬಳಿ ಇಟ್ಟು, ನೆಲಕ್ಕೆ ಕೂತು ಕೈಮುಗಿದ.

"ಏಳು, ಏಳು. ನಾನೇನು ಗುಡಿಯಾಗಿನ ಅಮ್ಮನಾ?" ಅವಳು ಪೂಜೆಯ ಚೀಲ ತಡಕಿ, ಕರ್ಪೂರದ ಜೊತೆಗಿದ್ದ ಬೆಂಕಿಪೊಟ್ಟಣ ತೆಗೆದುಕೊಟ್ಟಳು. "ಹಚ್ಚು ಮೊದಲು."

"ಹತ್ತಜ್ಜಿ, ಇಬ್ಬರನ್ನೂ ಬಿಡ್ತೀನಿ," ಎಂದ ಉದಯ.

"ಹುಡುಕಾಕೆ ಬೈಕು ಆಗ್ತೈತಿ ಕಣೋ," ಎಂದ ಕೆಂಪಪ್ಪ. "ಬರಾಕೆ ಆಗಂಗಿಲ್ಲ. ನೀನು ಮುಂದೆ ಬೆಳಕು ತೋರಿಸ್ತಾ ನಡಿ."

ಉದಯ ಬೈಕು ತಳ್ಳಿಕೊಂಡು ಮುಂದೆ, ಅವನ ಹಿಂದೆ ಮುದುಕಿ, ಕೊನೆಗೆ ಕೆಂಪಪ್ಪ. ಸಾವಿತ್ರಿಬಾಯಿ ನಿಂತಲ್ಲಿ ಅವನೂ ನಿಂತ. ಅವಳು ಹೆಜ್ಜೆ ಎತ್ತಿದ ಮೇಲೆ ತಾನೂ ಎತ್ತಿದ. ಮಂಡಿ ಉರಿಯುತ್ತಿತ್ತು. ಹಾಗೇ ಉರಿಯಲಿ ತಾಯಿ, ಎಂದುಕೊಂಡ. ಹೆಜ್ಜೆಗೊಮ್ಮೆ ಹಿಂದೆ ತಿರುಗಿ ಕತ್ತಲನ್ನು ನೋಡಿದ.

ಬೆಟ್ಟದ ಬುಡದಲ್ಲಿ ಅನ್ನ ತಣ್ಣಗಾಗಿತ್ತು. ಮಲ್ಲಿಕಾರ್ಜುನಪ್ಪ ನಿಂತಲ್ಲೇ ಇದ್ದರು. ಉದಯ ಅವರನ್ನು ದಾಟಿದ, ಸಾವಿತ್ರಿಬಾಯಿ ದಾಟಿದಳು, ಅವರು ಕದಲಲಿಲ್ಲ. ಕೆಂಪಪ್ಪನ ಕೈಯ ಕೆಂಪು ಬೆಳಕು ತಮ್ಮ ಪಾದದ ಮೇಲೆ ಬಿದ್ದ ಮೇಲೆ ತಿರುಗಿ ಹೇಳಿದರು:

"ಈಗ ಬಂತು ನೋಡ್ರೀ. ಉಣ್ಣಿ."